ರೈಲು ಕಾಯುವ ಊರಿಗೊಂದು ರೈಲು ಮನೆ

ಮಕ್ಕಳ ಆಟಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಜಾಗವಿದೆ? ಮಂಚದ ಕೆಳಗೊಂದು ಡಬ್ಬ, ಅಟ್ಟದ ಮೇಲೊಂದು ಚೀಲ. ಈದ್ ದಿನ ಹೊರಗೆ ಬಂದ ಆಟದ ರೈಲು ನೆಂಟರು ಬರುವ ಹೊತ್ತಿಗೆ ಪುನಃ ಡಬ್ಬ ಸೇರುತ್ತದೆ. ಹಳಿ ಜೋಡಿಸಲು ಒಂದು ಗಂಟೆ, ಓಡಿಸಲು ಹತ್ತು ನಿಮಿಷ. ಹೀಗಿರುವಾಗ ಪುಟ್ಟ ರೈಲುಗಳಿಗಾಗಿಯೇ ದೊಡ್ಡ ಕಟ್ಟಡವನ್ನು ಮೀಸಲಿಟ್ಟವರಿದ್ದಾರೆ ಎಂದರೆ ನಿಮಗೆ ಅಚ್ಚರಿಯಾಗಬಹುದು. ಬನ್ನಿ, ಯಾದಗಿರಿಯಿಂದ ಶಹಾಪುರ, ಸುರಪುರದವರೆಗೆ ಒಂದು ಸುತ್ತು ಹೋಗಿ ಬರೋಣ. ಅಂಥದ್ದೊಂದು ಕಟ್ಟಡವನ್ನು ಈ ಸೀಮೆಯಲ್ಲಿ ಕಟ್ಟುವುದಾದರೆ ಹೇಗೆ, ಯಾಕೆ ಎಂದು ದಾರಿಯುದ್ದಕ್ಕೂ ಯೋಚಿಸೋಣ.

ಯಾದಗಿರಿಯ ಪ್ಲಾಟ್‌ಫಾರ್ಮ್

ಯಾದಗಿರಿ ಹಳೆಯ ರೈಲ್ವೆ ಊರು. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸು ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ಹಳಿಯ ಮೇಲಿರುವ ಯಾದಗಿರಿ ಅಂದಿನಿಂದಲೂ ರೈಲಿನ ಸದ್ದು ಕೇಳುತ್ತಲೇ ಬಂದಿದೆ. ಜಿಲ್ಲೆಯ ಕಡೇಚೂರಿನಲ್ಲಿ ರೈಲಿನ ಬೋಗಿ ಚೌಕಟ್ಟುಗಳನ್ನು ತಯಾರಿಸುವ ಕಾರ್ಖಾನೆಯೂ ಇದೆ.

ಆದರೆ ಇಲ್ಲಿನ ಕುಟುಂಬಗಳಿಗೆ ರೈಲು ಎಂದರೆ ಮೊದಲು ನೆನಪಾಗುವುದು ಆಟವಲ್ಲ, ಅಗಲಿಕೆ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟವರು ಪಾತ್ರೆ ಪಗಡಿ ಕಟ್ಟಿಕೊಂಡು ಇದೇ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಾರೆ. ಕೆಲವರು ಮುಂಬಯಿ, ಪುಣೆಗೆ, ಕೆಲವರು ಬೆಂಗಳೂರಿಗೆ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ತಾಯಂದಿರೂ ಇದ್ದಾರೆ. ಶಹಾಪುರ, ಸುರಪುರ ತಾಲೂಕುಗಳ ಹಳ್ಳಿಗಳವರಿಗೆ ಈ ಪ್ಲಾಟ್‌ಫಾರ್ಮ್ ಮುಟ್ಟುವುದೇ ಒಂದು ಪ್ರಯಾಣ. ಬೇಸಿಗೆಯ ಬಿಸಿಲಲ್ಲಿ ಹಸುಗೂಸನ್ನು ಎತ್ತಿಕೊಂಡು ಬಸ್ಸು ಬದಲಿಸಿದವರಿಗೆ ಅದರ ಕಷ್ಟ ಗೊತ್ತು.

ಇದೇ ಹಳಿಯ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಕಲಬುರಗಿ, ಸೋಲಾಪುರ ದಾಟಿ ಪುಣೆ ಸೇರಬಹುದು. ಪುಣೆಯ ಕೋಥ್‌ರೂಡ್‌ನಲ್ಲಿದೆ ಜೋಶಿ ಕಿರುರೈಲು ಸಂಗ್ರಹಾಲಯ. ಬಿ. ಎಸ್. ಜೋಶಿ ಎಂಬವರು ತಮ್ಮ ಹವ್ಯಾಸದ ಮಾದರಿ ರೈಲುಗಳನ್ನು ಮೊದಲು ತಾತ್ಕಾಲಿಕ ಪ್ರದರ್ಶನಗಳಲ್ಲಿ ತೋರಿಸುತ್ತಿದ್ದರು. ಪ್ರತಿ ಸಲ ಕಟ್ಟುವುದು, ಬಿಚ್ಚುವುದು ಎಷ್ಟು ದಿನ ಸಾಧ್ಯ? ಕೊನೆಗೆ ಅವುಗಳಿಗೆ ಒಂದು ಶಾಶ್ವತ ನೆಲೆ ಸಿಕ್ಕಿತು. 1998ರಲ್ಲಿ ಸಂಗ್ರಹಾಲಯ ತೆರೆಯಿತು. ಅಲ್ಲಿ ಒಂದು ಪುಟ್ಟ ಪಟ್ಟಣವೇ ಇದೆ. ದೀಪಗಳು ಮಂಕಾಗಿ ರಾತ್ರಿಯಾಗುತ್ತದೆ, ಬೀದಿದೀಪಗಳು ಹೊತ್ತಿಕೊಳ್ಳುತ್ತವೆ, ಸಿಗ್ನಲ್ ನೋಡಿ ರೈಲುಗಳು ನಿಲ್ಲುತ್ತವೆ, ಹೊರಡುತ್ತವೆ.

87 ಪಟ್ಟು ಚಿಕ್ಕದು

ಯಾದಗಿರಿ ಬಿಟ್ಟು ಭೀಮಾ ನದಿ ದಾಟಿದರೆ ಶಹಾಪುರಕ್ಕೆ ಸುಮಾರು 35 ಕಿ.ಮೀ. ದಾರಿ. ಈ ದಾರಿಯಲ್ಲಿ ಒಂದು ಲೆಕ್ಕ ಮಾಡೋಣ. ಮಾದರಿ ರೈಲುಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಅಳತೆ ನಿಜವಾದ ರೈಲಿಗಿಂತ 87 ಪಟ್ಟು ಚಿಕ್ಕದು. ಎರಡು ಹಳಿಗಳ ನಡುವಿನ ಅಂತರ ಹದಿನಾರೂವರೆ ಮಿಲಿಮೀಟರ್. ನಮ್ಮ ಒಂದು ಬೋಗಿ ಈ ಅಳತೆಯಲ್ಲಿ ಒಂದು ಗೇಣಿಗಿಂತ ತುಸು ಉದ್ದವಾಗುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತ ಹೆಂಗಸು ಎರಡು ಸೆಂಟಿಮೀಟರ್‌ಗೂ ಕಡಿಮೆ, ಒಂದು ಹುಣಸೆ ಬೀಜದಷ್ಟು.

ಇಷ್ಟು ಚಿಕ್ಕದಾದರೆ ಒಂದು ಕೋಣೆ ಸಾಕಲ್ಲ ಎನ್ನುತ್ತೀರಾ? ಇಪ್ಪತ್ತು ಬೋಗಿಯ ರೈಲು ಈ ಅಳತೆಯಲ್ಲೂ ಐದೂವರೆ ಮೀಟರ್ ಆಗುತ್ತದೆ. ಅದು ನಿಲ್ಲುವ ಪ್ಲಾಟ್‌ಫಾರ್ಮೇ ಒಂದು ದೊಡ್ಡ ಹಾಲ್‌ನ ಉದ್ದ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಬೇಕಾದರೆ ಸುಮಾರು 8 ಸೆಂಟಿಮೀಟರ್ ಏರಬೇಕು. ಪುಟ್ಟ ಇಂಜಿನ್ನಿಗೆ ಕಡಿದಾದ ಏರು ಹತ್ತಲಾಗದು. ಎರಡು ಮೀಟರಿಗೆ ನಾಲ್ಕು ಸೆಂಟಿಮೀಟರಿನಂತೆ ಏರಿಸಿದರೆ ಅದಕ್ಕೇ ನಾಲ್ಕು ಮೀಟರ್ ಬೇಕು. ಯಾದಗಿರಿಯಿಂದ ಶಹಾಪುರದ ದಾರಿಯನ್ನು ಸರಿಯಾದ ಅಳತೆಯಲ್ಲಿ ಹಾಸಿದರೆ 400 ಮೀಟರ್ ಆಗುತ್ತದೆ. ಆದ್ದರಿಂದ ಮಾದರಿ ಕಟ್ಟುವವರು ಎಲ್ಲವನ್ನೂ ತೋರಿಸುವುದಿಲ್ಲ. ನಿಲ್ದಾಣ, ಸೇತುವೆ, ಬೆಟ್ಟಗಳನ್ನು ಇಟ್ಟುಕೊಂಡು ನಡುವಿನ ಬಯಲನ್ನು ಮೊಟಕು ಮಾಡುತ್ತಾರೆ.

ಶಹಾಪುರ ಹತ್ತಿರವಾದಂತೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟಸಾಲು ಎದುರಾಗುತ್ತದೆ. ಮಾದರಿಯಲ್ಲಿ ಇದನ್ನು ಬಿಡುವಂತಿಲ್ಲ. ತಮ್ಮ ಊರನ್ನು ಮಕ್ಕಳು ಗುರುತಿಸುವುದು ಇದರಿಂದಲೇ.

ಅಡುಗೆಮನೆಯ ಲೆಕ್ಕ

ಮನೆ ಕಟ್ಟಿಸುವವರು ಮೊದಲು ನಾಲ್ಕು ಗೋಡೆ ಎಬ್ಬಿಸಿ, ಒಳಗೆ ಏನೆಲ್ಲಿ ಎಂದು ಆಮೇಲೆ ಯೋಚಿಸುವುದುಂಟು. ಅದರ ಫಲ ಉಣ್ಣುವವರು ನಾವು. ಕೈಗೆಟುಕದ ಕಪಾಟು, ಸೊಂಟ ನೋಯಿಸುವ ಕಟ್ಟೆ, ಬೆನ್ನ ಹಿಂದೆ ಉರಿದು ನಮ್ಮ ನೆರಳನ್ನೇ ಒಲೆಯ ಮೇಲೆ ಬೀಳಿಸುವ ದೀಪ. ಒಳ್ಳೆಯ ಅಡುಗೆಮನೆ ಬೇಕೆಂದು ಹಟ ಹಿಡಿದ ಯಾವ ಗೃಹಿಣಿಯೂ ರೈಲು ಮನೆಯ ನಕ್ಷೆಯನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳಬಲ್ಲಳು. ಇಲ್ಲೂ ಮೊದಲು ಹಳಿಯ ನಕ್ಷೆ, ಆಮೇಲೆ ಗೋಡೆ.

ಹಳಿ ಹಾಸುವ ಮೇಜಿನ ಅಗಲ ಎಷ್ಟಿರಬೇಕು? ಕೈ ಚಾಚಿದರೆ ಎಟುಕುವಷ್ಟು, ಅಂದರೆ ಎರಡೂವರೆ ಅಡಿ. ಎರಡೂ ಬದಿಯಿಂದ ಕೈ ಹಾಕಲು ಸಾಧ್ಯವಿದ್ದರೆ ಐದು ಅಡಿ. ಹಳಿ ತಪ್ಪಿದ ಬೋಗಿಯನ್ನು ಎತ್ತಿಡಲು ಬೆಟ್ಟದ ಮೇಲೆ ಮಲಗಬೇಕಾದರೆ ಆ ನಕ್ಷೆ ಕೆಟ್ಟದ್ದೇ. ಓಡಾಡುವ ದಾರಿ ನಾಲ್ಕು ಅಡಿಯಾದರೂ ಇರಲಿ. ಮಗುವನ್ನು ಕಂಕುಳಲ್ಲಿ ಹೊತ್ತ ಇಬ್ಬರು ಎದುರಾದರೆ ಇಕ್ಕಟ್ಟಾಗಬಾರದು. ಗಾಲಿಕುರ್ಚಿಯೂ ಹೋಗಬೇಕು. ಮೇಜು ಮೂರೂವರೆ ಅಡಿ ಎತ್ತರವಿದ್ದರೆ ದೊಡ್ಡವರಿಗೆ ಹಿತ, ಚಿಕ್ಕ ಮಕ್ಕಳಿಗೆ ಮರದ ಅಂಚು ಮಾತ್ರ ಕಂಡೀತು. ಆದ್ದರಿಂದ ಸುತ್ತಲೂ ಒಂದು ಅಡಿಯ ಮೆಟ್ಟಿಲುಗಟ್ಟೆ ಬೇಕು.

ಇಷ್ಟೆಲ್ಲ ಮೇಜುಗಳ ನಡುವೆ ಕಂಬ ಬಂದರೆ ನಕ್ಷೆ ಹಾಳು. ಹಾಗಾಗಿ ಕಂಬಗಳಿಲ್ಲದ ಹಾಲ್ ಬೇಕು. ಬಿಸಿಲು ನೇರ ಬಿದ್ದರೆ ಬಣ್ಣ ಮಾಸುತ್ತದೆ, ಆದ್ದರಿಂದ ಕಿಟಕಿ ಉತ್ತರಕ್ಕೆ, ಎತ್ತರದಲ್ಲಿ. ಹಳಿಯ ಮೇಲೆ ಧೂಳು ಕೂತರೆ ಚಕ್ರಕ್ಕೆ ವಿದ್ಯುತ್ ಸಿಗದೆ ರೈಲು ನಿಲ್ಲುತ್ತದೆ. ಎರಡು ಬಾಗಿಲಿನ ಪುಟ್ಟ ಪಡಸಾಲೆ ಇಟ್ಟು, ಚಪ್ಪಲಿ ಅಲ್ಲೇ ಬಿಡುವಂತೆ ಮಾಡಿದರೆ ಅರ್ಧ ಧೂಳು ಹೊರಗೇ ಉಳಿಯುತ್ತದೆ. ರಿಪೇರಿಗೆ ಒಂದು ಕೋಣೆ, ಹೆಂಗಸರಿಗೂ ಮಕ್ಕಳಿಗೂ ಶುಚಿಯಾದ ಶೌಚಾಲಯ, ಬೆಂಕಿ ಬಿದ್ದರೆ ಓಡಲು ಎರಡನೇ ಬಾಗಿಲು, ಇವು ನಕ್ಷೆಯಲ್ಲೇ ಇರಬೇಕು.

ಎರೆಮಣ್ಣು ಮತ್ತು ಬಂಡೆ

ಶಹಾಪುರದಿಂದ ಸುರಪುರಕ್ಕೆ ಸುಮಾರು 25 ಕಿ.ಮೀ. ದಾರಿಯ ಬದಿಯ ಹೊಲಗಳನ್ನು ನೋಡಿ. ಈ ಸೀಮೆಯಲ್ಲಿ ಎರೆಮಣ್ಣಿನ ಭೂಮಿ ಬಹಳ. ಹತ್ತಿಗೆ ಒಳ್ಳೆಯದು, ಕಟ್ಟಡಕ್ಕೆ ಕಷ್ಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟರೆ ಸುಣ್ಣ ಬಳಿಯುತ್ತೇವೆ. ಆದರೆ ನೆಲ ಸ್ವಲ್ಪ ವಾಲಿದರೂ ಪುಟ್ಟ ರೈಲು ಹಳಿ ತಪ್ಪುತ್ತದೆ. ಇಂಥ ಮಣ್ಣಿಗೆಂದೇ ಬುಡದಲ್ಲಿ ಗಡಿಗೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಅಡಿಪಾಯವಿದೆ. ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ಮಣ್ಣು ಮೇಲೆ ಉಬ್ಬಿದರೂ ಕುಗ್ಗಿದರೂ ಅವು ಆಳದ ಗಟ್ಟಿ ಪದರವನ್ನು ಹಿಡಿದು ನಿಲ್ಲುತ್ತವೆ. ಜೊತೆಗೆ ಮೇಜಿನ ಪ್ರತಿ ಕಾಲಿಗೂ ಎತ್ತರ ಸರಿಪಡಿಸುವ ತಿರುಪು ಇರಬೇಕು. ಬೇಸಿಗೆಯ ಶಾಖಕ್ಕೆ ಲೋಹ ಹಿಗ್ಗುತ್ತದೆ, ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ. ಆದ್ದರಿಂದ ಹಳಿಗಳ ನಡುವೆ ಕೂದಲೆಳೆಯ ಸಂದು ಬಿಡಬೇಕು.

ಸುರಪುರದ ಬೆಟ್ಟದ ಮೇಲೆ ಟೇಲರ್ ಮಂಜಿಲ್ ಇದೆ. 1841ರಿಂದ 1853ರವರೆಗೆ ಇಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆ. ಕಲ್ಲುಬೆಟ್ಟದ ಮೇಲೆ ಕಟ್ಟಿದ ಆ ಮನೆ ಇಂದಿಗೂ ನಿಂತಿದೆ. ಜಾಗ ಆರಿಸುವವರಿಗೆ ಇದೇ ಪಾಠ. ಸುರಪುರದಲ್ಲಿ ಇನ್ನೊಂದು ಸಂಪತ್ತೂ ಉಂಟು. ಬಂಗಾರದ ರೇಕು ಕೂರಿಸುವ ಸೂಕ್ಷ್ಮ ಚಿತ್ರಕಲೆಗೆ ಈ ಊರು ಹೆಸರುವಾಸಿ. ಹುಣಸೆ ಬೀಜದಷ್ಟು ಹೆಂಗಸಿನ ಸೆರಗಿಗೆ ಬಣ್ಣ ಬಳಿಯುವುದು ಅಂಥ ಕೈಗಳಿಗೆ ಕಷ್ಟವೇ?

ಬೆಳೆಯಲು ಜಾಗ ಬಿಡಿ

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ಹಳೆಯ ಗೋದಾಮೊಂದರಲ್ಲಿ ಮಾದರಿ ರೈಲುಗಳ ಲೋಕವೊಂದನ್ನು ತೆರೆದರು. ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ರೈಲುಗಳಿವೆ. ಸುಮಾರು ಆರು ಮೀಟರ್ ಎತ್ತರದ ಬೆಟ್ಟ ಕಟ್ಟಲು ಮಹಡಿಯ ನೆಲವನ್ನೇ ಕೊರೆಯಬೇಕಾಯಿತು. ಜಾಗ ಸಾಲದೆ ಪಕ್ಕದ ಕಾಲುವೆಯ ಮೇಲೆ ಸೇತುವೆ ಹಾಕಿ ಆಚೆಯ ಕಟ್ಟಡಕ್ಕೂ ಹಬ್ಬಿದರು. ಅಲ್ಲಿನ ಹೊಸ ಭಾಗ 2021ರಲ್ಲಿ ತೆರೆಯಿತು. ನಾವು ಕಟ್ಟುವಾಗ ಒಂದು ಬದಿಯ ಗೋಡೆಯನ್ನು ಮುಂದೆ ತೆಗೆಯಲು ಬರುವಂತೆ ಕಟ್ಟಿದರೆ ಸಾಕು.

ಹಣ ಎಲ್ಲಿಂದ ಎನ್ನುವಿರಿ. ಮೊದಲೇ ಕಟ್ಟಡ ಬೇಕಾಗಿಲ್ಲ. ಒಂದು ಪ್ಲೈವುಡ್ ಹಲಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಯಾದಗಿರಿಯ ಒಂದು ಶಾಲೆ ಅಂಥ ಹಲಗೆಯ ಮೇಲೆ ತನ್ನ ನಿಲ್ದಾಣ ಮಾಡಲಿ. ಶಹಾಪುರದ ಶಾಲೆ ತನ್ನ ಬೆಟ್ಟವನ್ನೂ, ಸುರಪುರದ ಶಾಲೆ ತನ್ನ ಕೋಟೆ ಬೀದಿಗಳನ್ನೂ ಮಾಡಲಿ. ಹಲಗೆಯ ಅಂಚಿನಲ್ಲಿ ಹಳಿಯ ಸ್ಥಾನ, ಮೇಜಿನ ಎತ್ತರ ಮಾತ್ರ ಎಲ್ಲರದೂ ಒಂದೇ ಇರಲಿ. ವರ್ಷಕ್ಕೊಮ್ಮೆ ಒಂದೆಡೆ ಜೋಡಿಸಿದರೆ ರೈಲು ಮೂರೂರು ಸುತ್ತುತ್ತದೆ. ಹಲಗೆಗಳು ಹೆಚ್ಚಿದಂತೆ ಎಷ್ಟು ದೊಡ್ಡ ಹಾಲ್ ಬೇಕು ಎಂಬುದನ್ನು ಅವೇ ಹೇಳುತ್ತವೆ.

ಇದು ಬರೀ ಮೋಜಿಗಲ್ಲ. ಗದಗದಿಂದ ವಾಡಿಗೆ ಹೊಸ ರೈಲು ಮಾರ್ಗ 2013-14ರಲ್ಲಿ ಮಂಜೂರಾಯಿತು. ಅದು ಸುರಪುರ, ಶಹಾಪುರಗಳ ಮೂಲಕ ಹಾದುಹೋಗುವ ಮಾರ್ಗ. 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ರೈಲು ಬಂದಾಗಲೂ ಈ ಎರಡು ಊರುಗಳು ಕಾಯುತ್ತಲೇ ಇದ್ದವು. ಹಳಿ ಎಲ್ಲಿ ಕೃಷ್ಣೆಯನ್ನು ದಾಟುತ್ತದೆ, ಎಲ್ಲಿ ಭೀಮೆಯನ್ನು ದಾಟುತ್ತದೆ, ನಿಲ್ದಾಣದಿಂದ ಊರಿಗೆ ಎಷ್ಟು ದೂರ, ಯಾವ ಹಳ್ಳಿಗೆ ದಾರಿ ತಪ್ಪುತ್ತದೆ ಎಂಬುದನ್ನು ನಕ್ಷೆಯ ಗೆರೆಯಲ್ಲಿ ಓದಲು ಎಲ್ಲರಿಗೂ ಬಾರದು. ಮೇಜಿನ ಮೇಲೆ ಕಂಡರೆ ಅಕ್ಷರ ಬಾರದ ಅಜ್ಜಿಯೂ ಬೆರಳಿಟ್ಟು ಕೇಳಬಲ್ಲಳು.

ರೈಲು ನಡೆಸುವ ಗುಂಡಿಗಳ ಮುಂದೆ ಹುಡುಗಿಯರನ್ನು ಕೂರಿಸಿ. ಸಾತಾರಾ ಜಿಲ್ಲೆಯ ಸುರೇಖಾ ಯಾದವ್ ದೇಶದ ಮೊದಲ ಮಹಿಳಾ ರೈಲು ಚಾಲಕಿ. 2023ರ ಮಾರ್ಚ್‌ನಲ್ಲಿ ಸೋಲಾಪುರದಿಂದ ಮುಂಬಯಿಗೆ ವಂದೇ ಭಾರತ್ ನಡೆಸಿದವರೂ ಅವರೇ. ಸೋಲಾಪುರ ನಮ್ಮ ಯಾದಗಿರಿಯ ಹಳಿಯ ಮೇಲೆಯೇ ಇರುವ ಊರು. ರೈಲು ಹತ್ತಿ ಹೋದ ಅಪ್ಪನನ್ನು ಕಾಯುವ ಹುಡುಗಿಗೆ, ರೈಲನ್ನು ತಾನೂ ನಡೆಸಬಹುದು ಎಂದು ತಿಳಿಯಲು ಎಂಟು ಅಡಿಯ ಒಂದು ಹಲಗೆ ಸಾಕು. ನಿಮ್ಮ ಊರಿನ ಶಾಲೆಯಲ್ಲಿ ಅಷ್ಟು ಜಾಗ ಇದೆಯೇ, ಈ ವಾರವೇ ಹೋಗಿ ಕೇಳಿ ನೋಡಿ.