ಪರನಾಡಿನಲ್ಲೊಂದು ಖಾನಾವಳಿ

ಪ್ರವಾಸಕ್ಕೆ ಹೊರಟವರಿಗೆ ನೋಡತಕ್ಕ ಸ್ಥಳಗಳ ಪಟ್ಟಿ ಕೊಡುವವರು ಬಹಳ ಮಂದಿ. ಉಣ್ಣತಕ್ಕ ಸ್ಥಳವನ್ನು ತಿಳಿಸುವವರು ವಿರಳ. ಶಾಕಾಹಾರವನ್ನು ನಿಷ್ಠೆಯಿಂದ ಪಾಲಿಸುವ, ಮಿತವಾದ ಹಣವನ್ನು ಕಟ್ಟಿಕೊಂಡು ಹಿರಿಯರು ಕಿರಿಯರೊಡನೆ ಹೊರಡುವ ನಮ್ಮ ಮನೆತನಗಳಿಗಂತೂ ಊಟದ ಚಿಂತೆಯೇ ದೊಡ್ಡದು. ಆದುದರಿಂದ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಐದು ದಿನ ಇದ್ದಾಗ ನಾವು ಊಟದ ಮನೆಗಳನ್ನು ಹುಡುಕಿಕೊಂಡ ಬಗೆಯನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ಈಗೀಗ ನಮ್ಮ ಮಕ್ಕಳು ಓದಿಗೆಂದೂ ಉದ್ಯೋಗಕ್ಕೆಂದೂ ಯುರೋಪಿನಲ್ಲಿ ನೆಲೆಸುತ್ತಿದ್ದಾರೆ. ಅವರನ್ನು ಕಾಣಲು ಹೋಗುವ ತಂದೆತಾಯಿಗಳಿಗೆ ಇದು ಉಪಯೋಗಕ್ಕೆ ಬಂದೀತು.

2024ರ ನವೆಂಬರ್ ತಿಂಗಳಲ್ಲಿ ಜರ್ಮನಿಯಲ್ಲಿ ಓದುತ್ತಿರುವ ಮಗಳೊಡನೆ ನಾವು ದಂಪತಿಗಳು ಹಾಗೂ ಎಪ್ಪತ್ತೆರಡು ವರುಷದ ನಮ್ಮ ತಾಯಿಯವರು ಫ್ಲಾರೆನ್ಸಿಗೆ ಹೋದೆವು. ತಾಯಿಯವರಿಗೆ ಸಕ್ಕರೆ ರೋಗವಿದೆ. ಹೊತ್ತಿಗೆ ಸರಿಯಾಗಿ ಅವರ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಮಾಂಸ ಬೇಯುವ ಅಡುಗೆಮನೆಯ ಅನ್ನವನ್ನು ಅವರು ಈ ವಯಸ್ಸಿನವರೆಗೂ ಮುಟ್ಟಿದವರಲ್ಲ. ಹೊರಡುವಾಗ ಚಪ್ಪಟೆ ಅವಲಕ್ಕಿ, ಶೇಂಗಾ ಚಟ್ನಿ, ಕಟಕ ರೊಟ್ಟಿಗಳನ್ನು ಕಟ್ಟಿಕೊಂಡಿದ್ದರು. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯಲು ಪ್ರವಾಸಿಗರಿಗೆ ಅನುಮತಿ ಇಲ್ಲದ್ದರಿಂದ ತುಪ್ಪ ಮತ್ತು ಪೇಢೆ ಊರಿನಲ್ಲಿಯೇ ಉಳಿದವು. ಫ್ಲಾರೆನ್ಸ್ ತಲುಪುವ ಹೊತ್ತಿಗೆ ರೊಟ್ಟಿಯ ಗಂಟು ಬರಿದಾಗುತ್ತ ಬಂದಿತ್ತು. ಐದು ದಿನ ಅವಲಕ್ಕಿಯ ಮೇಲೆಯೇ ಅವರನ್ನು ಇರಿಸುವುದು ಹೇಗೆ ಎಂಬ ಆತಂಕ ನಮ್ಮದಾಗಿತ್ತು.

ಫ್ಲಾರೆನ್ಸ್ ಸುಮಾರು ಮೂರೂವರೆ ಲಕ್ಷ ಜನರ ಊರು. 1436ರಲ್ಲಿ ಬ್ರುನೆಲ್ಲೆಸ್ಕಿಯು ಪೂರ್ಣಗೊಳಿಸಿದ ಮಹಾಗುಮ್ಮಟ, ಉಫಿತ್ಸಿಯ ಚಿತ್ರಶಾಲೆ, ಮೈಕೆಲಾಂಜೆಲೊನ ದಾವೀದನ ಶಿಲ್ಪ ಇವೆಲ್ಲ ಒಂದರಿಂದೊಂದಕ್ಕೆ ನಡೆದು ಹೋಗುವಷ್ಟು ಸಮೀಪ. 1982ರಲ್ಲಿ ಯುನೆಸ್ಕೊ ಸಂಸ್ಥೆಯು ಇದರ ಹಳೆಯ ಪಟ್ಟಣವನ್ನು ವಿಶ್ವಪರಂಪರೆಯ ತಾಣವೆಂದು ಮಾನ್ಯ ಮಾಡಿತು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕೀರ್ತಿ ಕೂಡಿಕೊಂಡ ಮೇಲೆ ಜನಜಾತ್ರೆ ತಪ್ಪೀತೆ? ಗುಮ್ಮಟದ ಸುತ್ತ, ಸಿನ್ಯೊರಿಯಾ ಚೌಕದ ಬದಿಗೆ, ಹಳೆಯ ಸೇತುವೆಯ ಎರಡೂ ತುದಿಗೆ ಬಣ್ಣದ ಛತ್ರಿಗಳ ಕೆಳಗೆ ಮೇಜು ಕುರ್ಚಿಗಳನ್ನು ಹಾಕಿರುತ್ತಾರೆ. ಐದಾರು ಭಾಷೆಗಳಲ್ಲಿ ಅಚ್ಚು ಹಾಕಿಸಿದ ಫಲಕ, ಪ್ರತಿ ತಿನಿಸಿಗೂ ಒಂದು ಛಾಯಾಚಿತ್ರ. ಬಾಗಿಲಲ್ಲಿ ನಿಂತು ಕೈ ಬೀಸಿ ಕರೆಯುವ ಒಬ್ಬ ಆಳು.

ಅಲ್ಲಿ ಉಪಾಹಾರ ಗೃಹಗಳು ದರಪಟ್ಟಿಯನ್ನು ಬಾಗಿಲ ಹೊರಗೆ ತೂಗುಹಾಕಬೇಕೆಂಬ ನಿಯಮವಿದೆ. ಇದು ನಮ್ಮಂಥವರಿಗೆ ದೊಡ್ಡ ಉಪಕಾರ. ಚೌಕವೊಂದರಲ್ಲಿ ಕುಳಿತುಕೊಳ್ಳುವ ಮೊದಲೇ ಪಟ್ಟಿಯ ಮುಂದೆ ನಿಂತು ಲೆಕ್ಕ ಮಾಡಿದೆವು. ಒಂದು ತಟ್ಟೆ ಪಾಸ್ತಾಕ್ಕೆ 16 ಯೂರೋ. ತಲೆಗೆ 4 ಯೂರೋ ‘ಕೊಪೆರ್ತೊ’, ಅಂದರೆ ಮೇಜಿನ ಬಟ್ಟೆ, ಬ್ರೆಡ್ಡು ಮತ್ತು ಕುಳಿತ ಸ್ಥಳದ ಬಾಬತ್ತು. ನೀರಿನ ಶೀಸೆಗೆ 5. ಇವುಗಳ ಮೇಲೆ ನೂರಕ್ಕೆ ಹನ್ನೆರಡರಂತೆ ಸೇವಾ ಶುಲ್ಕ. ನಾಲ್ವರಿಗೆ ಒಂದೊಂದು ತಟ್ಟೆ ಪಾಸ್ತಾ ಎಂದರೆ 95 ಯೂರೋ. ಆಗಿನ ದರದಲ್ಲಿ ಎಂಟೂವರೆ ಸಾವಿರ ರೂಪಾಯಿ! ಲೆಕ್ಕ ಮುಗಿಸಿ ಮುಂದೆ ನಡೆದೆವು.

ಈ ದರಕ್ಕೆ ಕಾರಣವಿಲ್ಲದಿಲ್ಲ. ಅಂಥ ಚೌಕದಲ್ಲಿ ಅಂಗಡಿಯ ಬಾಡಿಗೆ ಹೆಚ್ಚು. ಅದಕ್ಕಿಂತಲೂ ಮುಖ್ಯವಾದ ಕಾರಣ ಮತ್ತೊಂದಿದೆ. ಅಲ್ಲಿ ಇಂದು ಕುಳಿತವನು ನಾಳೆ ಬರುವವನಲ್ಲ. ಅವನು ಮೆಚ್ಚಿದರೂ ಮೆಚ್ಚದಿದ್ದರೂ ನಾಳೆ ಆ ಕುರ್ಚಿಯಲ್ಲಿ ಬೇರೊಬ್ಬ ಪ್ರವಾಸಿ ಕುಳಿತಿರುತ್ತಾನೆ. ನಮ್ಮ ಹುಬ್ಬಳ್ಳಿ ಧಾರವಾಡದ ಖಾನಾವಳಿಗಳನ್ನು ನೆನೆಯಿರಿ. ತಿಂಗಳ ಲೆಕ್ಕಕ್ಕೆ ಉಣ್ಣುವ ವಿದ್ಯಾರ್ಥಿಗಳು, ನೌಕರರು ದಿನವೂ ಬರುತ್ತಾರೆ. ಪಲ್ಯದಲ್ಲಿ ಉಪ್ಪು ಹೆಚ್ಚಾದರೆ ಅಂದೇ ಮಾತು ಬರುತ್ತದೆ. ಮರಳಿ ಬರುವವನೇ ಅಡುಗೆಯನ್ನು ಕಾಯುವವನು. ಪರನಾಡಿನಲ್ಲಿಯೂ ಅಂಥ ಮನೆಯನ್ನು, ಎಂದರೆ ಊರವರು ಮರಳಿ ಮರಳಿ ಬರುವ ಮನೆಯನ್ನು ಹುಡುಕಬೇಕೆಂದು ನಾವು ನಿಶ್ಚಯಿಸಿದೆವು.

ಹುಡುಕುವುದು ಎಲ್ಲಿ? ಕೆಲಸ ಮಾಡುವ ಜನ ಎಲ್ಲಿದ್ದಾರೋ ಅಲ್ಲಿ. ಫ್ಲಾರೆನ್ಸಿನಲ್ಲಿ ಅರ್ನೊ ನದಿಯನ್ನು ದಾಟಿದರೆ ದಕ್ಷಿಣದ ದಂಡೆಗೆ ‘ಓಲ್ತ್ರಾರ್ನೊ’, ಅಂದರೆ ಅರ್ನೊದ ಆಚೆ ಎಂಬ ಹೆಸರಿನ ಭಾಗವಿದೆ. ಅಲ್ಲಿನ ಸಾಂತೊ ಸ್ಪಿರಿತೊ ಮತ್ತು ಸಾನ್ ಫ್ರೆದಿಯಾನೊ ಕೇರಿಗಳಲ್ಲಿ ಮರಗೆಲಸದವರು, ಚರ್ಮದ ಕೆಲಸದವರು, ಚಿತ್ರದ ಚೌಕಟ್ಟಿಗೆ ಬಂಗಾರದ ತಗಡು ಹಚ್ಚುವವರು ಇಂದಿಗೂ ತಮ್ಮ ಚಿಕ್ಕ ಅಂಗಡಿಗಳಲ್ಲಿ ಕುಳಿತಿದ್ದಾರೆ. ಮಧ್ಯಾಹ್ನ ಒಂದು ಗಂಟೆಗೆ ಇವರೆಲ್ಲ ಎದ್ದು ಎತ್ತ ನಡೆಯುತ್ತಾರೆಂಬುದನ್ನು ನೋಡಿಕೊಂಡರೆ ಸಾಕು. ನಗರದ ಪೂರ್ವಕ್ಕೆ 1873ರಲ್ಲಿ ಕಟ್ಟಿದ ಸಾಂತಾಂಬ್ರೋಜೊ ಕಾಯಿಪಲ್ಯದ ಮಾರುಕಟ್ಟೆಯ ಸುತ್ತಮುತ್ತಲೂ ಇಂಥ ಮನೆಗಳಿವೆ. ಅಲ್ಲಿ ಬೆಳಿಗ್ಗೆ ಊರ ಹೆಂಗಸರು ಕೈಚೀಲ ಹಿಡಿದು ಸೊಪ್ಪು ಕೊಳ್ಳುತ್ತಿರುತ್ತಾರೆ.

ಗುರುತು ಹಿಡಿಯಲು ನಾವು ಕಂಡುಕೊಂಡ ಲಕ್ಷಣಗಳು ಕೆಲವು. ತಿನಿಸಿನ ಪಟ್ಟಿ ಚಿಕ್ಕದಾಗಿದ್ದು ಆ ದಿನದ ಅಡುಗೆಯನ್ನು ಕೈಯಿಂದ ಬರೆದಿರಬೇಕು, ಚಿತ್ರಗಳಿರಬಾರದು. ಬಾಗಿಲಲ್ಲಿ ನಿಂತು ಕರೆಯುವವನು ಇರಬಾರದು. ಒಳಗೆ ಊರಿನ ಭಾಷೆಯೇ ಹೆಚ್ಚು ಕೇಳಿಸಬೇಕು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯವರೆಗೆ, ರಾತ್ರಿ ಏಳೂವರೆಯ ಮೇಲೆ ಮಾತ್ರ ಒಲೆ ಉರಿಯುತ್ತಿರಬೇಕು. ದಿನವಿಡೀ ಬಿಸಿ ಊಟ ಸಿಗುವ ಮನೆ ಬಹುಶಃ ಪ್ರವಾಸಿಗರದು. ಈ ಹೊತ್ತಿನ ಕಟ್ಟುಪಾಡನ್ನು ಸಕ್ಕರೆ ರೋಗವಿದ್ದವರು ಮರೆಯಲೇಬಾರದು. ಮೂರು ಗಂಟೆಗೆ ಹೋದರೆ ಒಳ್ಳೆಯ ಮನೆಗಳ ಬಾಗಿಲು ಮುಚ್ಚಿರುತ್ತದೆ. ‘ರಿಸ್ತೊರಾಂತೆ’, ‘ತ್ರತ್ತೊರಿಯಾ’, ‘ಓಸ್ತೆರಿಯಾ’ ಎಂಬ ಹೆಸರುಗಳು ಹಿಂದೆ ದೊಡ್ಡದು ಚಿಕ್ಕದು ಎಂಬ ಭೇದವನ್ನು ಸೂಚಿಸುತ್ತಿದ್ದವು. ಇಂದು ದುಬಾರಿ ಮನೆಗಳೂ ಬಡ ಹೆಸರನ್ನು ಇಟ್ಟುಕೊಂಡಿರುವುದರಿಂದ ಹೆಸರನ್ನು ನಂಬದೆ ದರಪಟ್ಟಿಯನ್ನೇ ಓದುವುದು ಲೇಸು.

ಇನ್ನು ಶಾಕಾಹಾರದ ಮಾತು. ಫ್ಲಾರೆನ್ಸ್ ಇರುವ ತೋಸ್ಕಾನಾ ಪ್ರಾಂತದವರನ್ನು ಇತರ ಇಟಲಿಯವರು ‘ಬೀನ್ಸ್ ಕಾಳು ತಿನ್ನುವವರು’ ಎಂದು ಹಾಸ್ಯ ಮಾಡುವುದುಂಟು. ನಮಗೆ ಆ ಹಾಸ್ಯವೇ ಆಸರೆಯಾಯಿತು. ಬಡ ರೈತರು ಕಂಡುಕೊಂಡ ಅಡುಗೆಗಳಲ್ಲಿ ಕಾಳು, ಸೊಪ್ಪು, ಹಳೆಯ ಬ್ರೆಡ್ಡು, ಆಲಿವ್ ಎಣ್ಣೆ ಇವೇ ಪ್ರಧಾನ. ‘ರಿಬೊಲ್ಲಿತಾ’ ಎಂದರೆ ಮತ್ತೆ ಕುದಿಸಿದ್ದು ಎಂದರ್ಥ. ಬಿಳಿ ಬೀನ್ಸ್ ಕಾಳು ಮತ್ತು ಕಪ್ಪು ಕೋಸಿನ ಸೊಪ್ಪಿನ ಸಾರಿಗೆ ತಂಗಳು ಬ್ರೆಡ್ಡನ್ನು ಹಾಕಿ, ಮರುದಿನ ಮತ್ತೆ ಕುದಿಸಿ, ಮೇಲೆ ಹಸಿ ಎಣ್ಣೆ ಬಿಟ್ಟು ಕೊಡುತ್ತಾರೆ. ನಿನ್ನೆಯ ರೊಟ್ಟಿಯನ್ನು ಕಾಳಿನ ಸಾರಿನಲ್ಲಿ ಮುರಿದು ನೆನೆಯಿಟ್ಟು ಉಂಡವರಿಗೆ ಇದು ಹೊಸ ರುಚಿಯೆನಿಸದು. ಟೊಮ್ಯಾಟೊ ಮತ್ತು ಬ್ರೆಡ್ಡಿನ ‘ಪಾಪ್ಪಾ ಅಲ್ ಪೊಮೊದೋರೊ’, ಬೆಳ್ಳುಳ್ಳಿಯ ಗೊಜ್ಜಿನ ‘ಪೀಚಿ’ ಶಾವಿಗೆ, ಬೇಯಿಸಿದ ಕಾಳು, ಬಾಡಿಸಿದ ಪಾಲಕ ಎಲ್ಲವೂ ದೊರೆಯುತ್ತವೆ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಅದು ಅವರ ಸಂಪ್ರದಾಯ.

ಆದರೆ ಕಣ್ಣಿಗೆ ಸೊಪ್ಪು ಕಾಳು ಕಂಡ ಮಾತ್ರಕ್ಕೆ ನಂಬಲಾಗದು. ಸಾರಿಗೆ ಮಾಂಸದ ಕಟ್ಟನ್ನು, ಕಾಳಿಗೆ ಹಂದಿಯ ತುಣುಕನ್ನು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಹಸಿ ಪಾಸ್ತಾದ ಹಿಟ್ಟನ್ನು ಬಹುವಾಗಿ ಮೊಟ್ಟೆ ಬೆರೆಸಿ ಕಲಸುತ್ತಾರೆ. ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿಯ ರವೆ ಮತ್ತು ನೀರಿನದು. ಹೆಸರಾಂತ ಪಾರ್ಮಿಜಾನೊ ಗಿಣ್ಣಕ್ಕೆ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ಹೆಪ್ಪನ್ನೇ ಬಳಸಬೇಕೆಂಬ ಕಟ್ಟಳೆಯಿದೆ. ನಮ್ಮವರಲ್ಲಿ ಅನೇಕರು ಇದನ್ನು ಅರಿಯದೆ ಗಿಣ್ಣವನ್ನು ಉದುರಿಸಿಕೊಳ್ಳುತ್ತಾರೆ. ಬೇಡವಾದವರು ಮೊದಲೇ ತಿಳಿಸಬೇಕು. ‘ಸೆಂತ್ಸಾ’ ಎಂದರೆ ಇಲ್ಲದೆ. ‘ಸೆಂತ್ಸಾ ಕಾರ್ನೆ’ ಎಂದರೆ ಮಾಂಸವಿಲ್ಲದೆ, ‘ಸೆಂತ್ಸಾ ಬ್ರೋದೊ ದಿ ಕಾರ್ನೆ’ ಎಂದರೆ ಮಾಂಸದ ಕಟ್ಟು ಇಲ್ಲದೆ, ‘ಸೆಂತ್ಸಾ ಉವೋವಾ’ ಎಂದರೆ ಮೊಟ್ಟೆಯಿಲ್ಲದೆ, ‘ಸೆಂತ್ಸಾ ಫೋರ್ಮಾಜೊ’ ಎಂದರೆ ಗಿಣ್ಣವಿಲ್ಲದೆ. ಮಗಳು ಈ ನಾಲ್ಕು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು.

ಎರಡನೆಯ ದಿನ ಆ ಚೀಟಿ ಹಿಡಿದು ನದಿಯಾಚೆಯ ಒಂದು ಓಣಿಯ ಮನೆಗೆ ಹೋದೆವು. ಎಂಟು ಮೇಜುಗಳ ಚಿಕ್ಕ ಮನೆ. ಗಂಡ ಬಡಿಸುತ್ತಿದ್ದನು, ಹೆಂಡತಿ ಅಡುಗೆ ಮಾಡುತ್ತಿದ್ದಳು. ಚೀಟಿಯನ್ನು ಓದಿದ ಗಂಡ ಒಳಗೆ ಹೋದನು. ಆಕೆಯೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಇಂದಿನ ಕಾಳಿನ ಸಾರಿಗೆ ಹಂದಿಯ ಮಾಂಸ ಬಿದ್ದಿದೆ, ಅದನ್ನು ನೀವು ಉಣ್ಣಬೇಡಿರಿ ಎಂದು ತಾನಾಗಿ ಹೇಳಿದಳು. ಮಾರಾಟವಾಗಬಹುದಾದ ಪದಾರ್ಥವನ್ನು ಬೇಡವೆಂದು ಹೇಳಿದ ಆ ಮಾತಿನಿಂದಲೇ ನಮಗೆ ಅರ್ಧ ನಂಬಿಕೆ ಬಂದಿತು.

ತಾಯಿಯವರು ಮಾತ್ರ ಸುಮ್ಮನೆ ಕುಳಿತಿದ್ದರು. “ಆಯಿ, ಬೆಳ್ಳುಳ್ಳಿ ಟೊಮ್ಯಾಟೊ ಹಾಕಿದ ಶಾವಿಗೆ ಮಾಡಿ ಕೊಡ್ತಾಳಂತ, ಉಣ್ತೀ?” ಎಂದು ಮಗಳು ಕೇಳಿದಳು. “ಯಾವ ಪಾತ್ರ್ಯಾಗ ಮಾಡ್ತಾಳ, ಅದನ್ನ ಕೇಳು ಮೊದಲ” ಎಂದರು ತಾಯಿಯವರು. ಮಗಳು ಸಂಕೋಚದಿಂದಲೇ ಅದನ್ನು ಇಂಗ್ಲಿಷಿನಲ್ಲಿಯೂ ಕೈಸನ್ನೆಯಲ್ಲಿಯೂ ಕೇಳಿದಳು. ಆಕೆ ಸಿಟ್ಟಾಗಲಿಲ್ಲ. ಒಳಗೆ ಹೋಗಿ, ಬೋಗುಣಿ ಮತ್ತು ಸೌಟನ್ನು ನಮ್ಮ ಕಣ್ಣಿಗೆ ಕಾಣುವಂತೆ ಬಾಗಿಲ ಬಳಿಯ ತೊಟ್ಟಿಯಲ್ಲಿ ತೊಳೆದು, ಎತ್ತಿ ಹಿಡಿದು ತೋರಿಸಿದಳು. ಪಕ್ಕದ ಮೇಜಿನ ಬಡಗಿಗಳು ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು.

ನಾವು ತಾಯಿಯವರ ಮುಖ ನೋಡಿದೆವು. ಒತ್ತಾಯ ಮಾಡುವ ಮನಸ್ಸಾಗಲಿಲ್ಲ. ಎಪ್ಪತ್ತೆರಡು ವರುಷದ ನೇಮ ಅವರದು. ಮುರಿಯುವ ಅಧಿಕಾರ ನಮ್ಮದಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ನನ್ನ ಸಲುವಾಗಿ ಅಕಿ ಪಾತ್ರಿ ತೊಳದು ತೋರಿಸ್ಯಾಳ. ಇನ್ನ ಒಲ್ಲೆ ಅನ್ನೂದು ಛಲೋ ಅಲ್ಲ” ಎಂದರು. ಉಂಡರು. ಮರುದಿನ ಆಕೆ ಹಂದಿಯ ಮಾಂಸವಿಲ್ಲದೆ ಬೇರೆಯಾಗಿ ರಿಬೊಲ್ಲಿತಾ ಕುದಿಸಿ ಇಟ್ಟಿದ್ದಳು. ಆ ದಿನ ನಾಲ್ವರ ಊಟಕ್ಕೆ ಎರಡು ಬಟ್ಟಲು ಸಾರು, ಎರಡು ತಟ್ಟೆ ಪೀಚಿ, ಒಂದು ಪಾಲಕದ ಪಲ್ಯ, ನೀರು, ತಲೆಗೆ 2ರಂತೆ ಕೊಪೆರ್ತೊ ಸೇರಿ 49 ಯೂರೋ ಆಯಿತು. ಚೌಕದ ಲೆಕ್ಕದ ಅರ್ಧವೇ ಸರಿ. ಕೊನೆಗೆ ಚಿಟಿಕೆ ರೋಸ್‌ಮರಿ ಹಾಕಿದ ‘ಕಸ್ತಞ್ಞಾಚೊ’ವನ್ನು ಆಕೆ ತಾನಾಗಿ ತಂದಿಟ್ಟಳು. ಚೆಸ್ಟ್‌ನಟ್ ಕಾಯಿಯ ಹಿಟ್ಟು, ನೀರು, ಎಣ್ಣೆ, ಒಣದ್ರಾಕ್ಷಿಗಳಿಂದ ಮಾಡುವ ಆ ಸಿಹಿಗೆ ಮೊಟ್ಟೆಯೂ ಹಾಲೂ ಬೇಡ. ತಾಯಿಯವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮೊಮ್ಮಗಳಿಗೆ ಕೊಟ್ಟರು.

ಎರಡು ಹೊತ್ತೂ ಹೊರಗೆ ಉಣ್ಣುವ ಅಗತ್ಯವಿಲ್ಲವೆಂಬುದನ್ನೂ ಹೇಳಬೇಕು. ನಾವು ಮಧ್ಯಾಹ್ನ ಮಾತ್ರ ಕುಳಿತು ಉಂಡೆವು. ರಾತ್ರಿಗೆ ಸಾಂತಾಂಬ್ರೋಜೊ ಮಾರುಕಟ್ಟೆಯಿಂದ ಹಣ್ಣು, ಟೊಮ್ಯಾಟೊ, ಬ್ರೆಡ್ಡು ತಂದು, ಚಟ್ನಿಪುಡಿಗೆ ಆ ತಿಂಗಳು ಗಾಣದಿಂದ ಬಂದ ಹೊಸ ಆಲಿವ್ ಎಣ್ಣೆ ಹಾಕಿಕೊಂಡು ಕೋಣೆಯಲ್ಲಿಯೇ ಉಂಡೆವು. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದೂವರೆ ಯೂರೋದ ಒಳಗೆ. ಚೌಕದಲ್ಲಿ ಕುಳಿತು ಕುಡಿದರೆ ಮೂರು ನಾಲ್ಕು ಪಟ್ಟು. ಸಾರ್ವಜನಿಕ ನಲ್ಲಿಗಳ ನೀರು ಕುಡಿಯಲು ಯೋಗ್ಯವಾದುದು, ಉಚಿತ. ಬೀದಿಯಲ್ಲಿ ಕುಳಿತು ತಿನ್ನುವಾಗ ಮಾತ್ರ ಎಚ್ಚರವಿರಲಿ. ಉಫಿತ್ಸಿಯ ಬದಿಯ ಕೆಲವು ಓಣಿಗಳಲ್ಲಿ ಊಟದ ಹೊತ್ತಿಗೆ ಕಾಲುದಾರಿ, ಹೊಸ್ತಿಲುಗಳ ಮೇಲೆ ಕುಳಿತು ತಿನ್ನುವವರಿಗೆ 500 ಯೂರೋವರೆಗೆ ದಂಡ ವಿಧಿಸುವ ಆಜ್ಞೆಯನ್ನು 2018ರಲ್ಲಿ ನಗರಾಡಳಿತ ಹೊರಡಿಸಿತ್ತು. ಮನೆಯ ಮುಂದೆ ದಿನವೂ ಎಂಜಲು ಬಿದ್ದರೆ ಯಾರಿಗೆ ಸಹನೆಯಾದೀತು?

ಊರವರ ಕಷ್ಟವನ್ನೂ ನಾವು ಅರಿಯಬೇಕು. ಹಳೆಯ ಪಟ್ಟಣದ ಮನೆಗಳು ಪ್ರವಾಸಿಗರ ಅಲ್ಪಾವಧಿ ಬಾಡಿಗೆಗೆ ಹೋಗುತ್ತಿರುವುದರಿಂದ ನೆಲೆಸಿದ ಕುಟುಂಬಗಳು ದೂರ ಸರಿಯುತ್ತಿವೆ. ಅಂಥ ಹೊಸ ಬಾಡಿಗೆ ಮನೆಗಳನ್ನು ತಡೆಯಲು 2023ರಲ್ಲಿ ನಗರಸಭೆ ನಿರ್ಣಯ ಕೈಗೊಂಡಿತು. ಊರವರು ಹೋದರೆ ಊರವರಿಗಾಗಿ ಬೇಯಿಸುವ ಮನೆ ಹೇಗೆ ಉಳಿದೀತು? ಎಂಟು ಮೇಜುಗಳ ಆ ಮನೆಯಲ್ಲಿ ಬಡಗಿಗಳ ಸ್ಥಳವನ್ನು ನಾವು ಎರಡು ದಿನ ಹಿಡಿದದ್ದೂ ಉಂಟು. ಆದ್ದರಿಂದ ಅಂಥಲ್ಲಿಗೆ ಹೋದಾಗ ಹೊತ್ತಿಗೆ ಸರಿಯಾಗಿ ಹೋಗಿ, ಗದ್ದಲ ಮಾಡದೆ ಉಂಡು, ಬಹಳ ಹೊತ್ತು ಮೇಜು ಹಿಡಿಯದೆ ಏಳುವುದು ಅತಿಥಿಗಳ ಧರ್ಮ.

ಪರನಾಡಿಗೆ ಹೋಗುವ ಬಂಧುಗಳು ನಾಲ್ಕು ಮಾತುಗಳ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿ. ತಮ್ಮ ನೇಮವನ್ನು ನಾಚಿಕೆಯಿಲ್ಲದೆ, ಆದರೆ ವಿನಯದಿಂದ ಕೇಳಲಿ. ಕೇಳಿದ್ದಕ್ಕೆ ಬೇಸರಿಸದೆ ಉತ್ತರ ಕೊಡುವ ಮನೆ ದೊರೆತರೆ ಮರುದಿನವೂ ಅಲ್ಲಿಗೇ ಹೋಗಲಿ. ಹಿರಿಯರು ಉಣ್ಣಲು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಅವರ ಪಾಲಿನ ಅವಲಕ್ಕಿಯನ್ನು ಗೌರವದಿಂದ ಕಲಸಿ ಕೊಡುವುದು ಕಿರಿಯರ ಕರ್ತವ್ಯ.