ವೀರರ ಉದ್ರಿ ಪುಸ್ತಕ

“ಸರ, ಇವನ್ನ ಕೊಂದ್ರ ನನಗ ಎಷ್ಟು ಪಾಯಿಂಟ್ ಬರ್ತಾವ್ರಿ?”

ಹೋದ ಶನಿವಾರ ನಮ್ಮ ಆಟಕ್ಕೆ ಹೊಸದಾಗಿ ಬಂದ ಹುಡುಗ ಹೀಗೆ ಕೇಳಿದ. ಅವನೆದುರು ನಿಂತಿದ್ದವನು ಒಬ್ಬ ಮುದಿ ಅಂಬಿಗ. ಹುಡುಗನ ಗುರುವನ್ನು ಒಂದು ಕಾಲಕ್ಕೆ ವೈರಿಗಳ ಕೈಗೆ ಹಿಡಿದುಕೊಟ್ಟವನು, ಆಮೇಲೆ ಅದೇ ಗುರುವಿನ ತಬ್ಬಲಿ ಮಗಳನ್ನು ತನ್ನ ಮಗಳೆಂದು ಸಾಕಿದವನು. ಆ ಮಗಳು ಮೇಜಿನ ಇನ್ನೊಂದು ತುದಿಯಲ್ಲಿ ಗಿರ್ಮಿಟ್ ತಟ್ಟೆ ಹಿಡಿದು ಕೂತಿದ್ದಳು. ಅಂದರೆ, ಅವಳ ಪಾತ್ರ ಹಾಕಿದ ಮೀಸೆ ಹೊತ್ತ ಬ್ಯಾಂಕ್ ನೌಕರ ಕೂತಿದ್ದ. ಆತನ ಕಣ್ಣಲ್ಲಿ ನಿಜವಾಗಿಯೂ ನೀರಾಡುತ್ತಿತ್ತು, ಮಿರ್ಚಿಯ ಖಾರಕ್ಕಲ್ಲ. ಆಟವನ್ನು ಅಲ್ಲಿಯ ತನಕ ತರಲು ನನಗೆ ಒಂದಿಡೀ ಮಳೆಗಾಲ ಹಿಡಿದಿತ್ತು. ಪಾಯಿಂಟ್ ಅಂತೆ, ಪಾಯಿಂಟ್!

ಹುಡುಗನನ್ನು ಬೈದು ಉಪಯೋಗವಿಲ್ಲ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದಂದಿನಿಂದ ಮೇಜಿನ ಸುತ್ತ ಕೂತು ಪಾತ್ರ ಹಾಕಿ ಆಡುವ ಈ ಜಾತಿಯ ಆಟಗಳಿಗೆ ಅಂಟಿದ ಚಾಳಿ ಅದು: ನೆಲಮಾಳಿಗೆಗೆ ಇಳಿ, ಎದುರು ಬಂದದ್ದನ್ನು ಕೊಲ್ಲು, ಬಂಗಾರ ಬಾಚು, ಒಂದು ಮೆಟ್ಟಿಲು ಮೇಲೇರು. ಕಂಪ್ಯೂಟರ್ ಆಟಗಳು ಅದನ್ನೇ ಕಲಿಸಿದವು. ಆದರೆ ನಮ್ಮದು ಚೀನದ ಅಲೆಮಾರಿ ವೀರರ ಆಟ. ಇಲ್ಲಿ ಕೊಂದರೆ ಪಾಯಿಂಟ್ ಬರುವುದಿಲ್ಲ. ಸತ್ತವನ ತಮ್ಮ ಬರುತ್ತಾನೆ. ತಮ್ಮ ಇಲ್ಲದಿದ್ದರೆ ಶಿಷ್ಯ ಬರುತ್ತಾನೆ.

“ಇದನ್ನ ನಡೆಸಾಕ ಏನೇನು ಬೇಕು? ಯಾವ ಪುಸ್ತಕ, ಯಾವ ನಕಾಶೆ?” ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಪುಸ್ತಕಗಳೇನೋ ಇವೆ. 2016ರ ‘ವಾಂಡರಿಂಗ್ ಹೀರೋಸ್ ಆಫ್ ಓಗರ್ ಗೇಟ್’ ಇದೆ, ದಪ್ಪನೆಯ ಗ್ರಂಥ. ಹತ್ತು ಮುಖದ ದಾಳಗಳನ್ನು ಹಿಡಿಗಟ್ಟಲೆ ಉರುಳಿಸಿ ಅದರಲ್ಲಿ ದೊಡ್ಡದನ್ನು ಹಿಡಿಯುವ ಪದ್ಧತಿ ಅದರದ್ದು. ‘ಹಾರ್ಟ್ಸ್ ಆಫ್ ವುಲಿನ್’ ಇದೆ. ಕತ್ತಿಗಿಂತ ಸಂಬಂಧಗಳ ಸಿಕ್ಕನ್ನು ನಡುವೆ ಇಟ್ಟದ್ದರಿಂದ ನನಗೆ ಅದರ ಮೇಲೆ ಪ್ರೀತಿ ಹೆಚ್ಚು. ಓದಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಮೊದಲು ಕೊಡಿಸುವುದು ನಮ್ಮ ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಸಿಗುವ ಉದ್ದನೆಯ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ದೀಪಾವಳಿಯಲ್ಲಿ ನಮ್ಮ ಪೇಟೆಯ ಸಾವಕಾರರು ಕುಂಕುಮ ಹಚ್ಚಿ ಪೂಜೆ ಮಾಡುತ್ತಾರಲ್ಲ, ಅದೇ.

ಅದರಲ್ಲಿ ಒಬ್ಬೊಬ್ಬ ವೀರನಿಗೆ ಒಂದೊಂದು ಪುಟ. ಎಡಕ್ಕೆ ಅವನು ಯಾರಿಗೆ ಏನು ಬಾಕಿ, ಬಲಕ್ಕೆ ಅವನಿಗೆ ಯಾರಿಂದ ಏನು ಬರಬೇಕು. ಉಪಕಾರ, ಅವಮಾನ, ಕೊಟ್ಟ ಮಾತು, ಹರಿದ ರಕ್ತ ಎಲ್ಲಕ್ಕೂ ಸಾಲು ಉಂಟು. ರೊಕ್ಕಕ್ಕೆ ಮಾತ್ರ ಇಲ್ಲ. ಕಾಯಿದೆ ಮೂರೇ. ಯಾವ ಬಾಕಿಯನ್ನೂ ರೊಕ್ಕ ಕೊಟ್ಟು ತೀರಿಸುವ ಹಾಗಿಲ್ಲ. ಬಾಕಿದಾರ ಸತ್ತರೆ ಸಾಲು ಹೊಡೆದುಹಾಕುವ ಹಾಗಿಲ್ಲ, ಮಗನ ಹೆಸರಿಗೋ ಶಿಷ್ಯನ ಹೆಸರಿಗೋ ಹೋಗಬೇಕು. ಮೂರನೆಯದು ನನ್ನ ಸ್ವಂತದ್ದು, ಹೇಳಿಕೊಳ್ಳಲು ನಾಚಿಕೆ ಇಲ್ಲ: ಪುಸ್ತಕದ ಹಿಂಬದಿಯಿಂದಲೂ ಬರೆದುಕೊಂಡು ಬರುತ್ತೇನೆ. ಅಲ್ಲಿರುವುದು ಬಾಕಿದಾರನಿಗೇ ಗೊತ್ತಿಲ್ಲದ ಬಾಕಿ. ಯಾರೋ ಗುಟ್ಟಾಗಿ ಇವನ ತಾಯಿಯ ಔಷಧಿಗೆ ವ್ಯವಸ್ಥೆ ಮಾಡಿದ್ದಾರೆ, ಯಾರೋ ಇವನ ಬದಲು ಏಟು ತಿಂದಿದ್ದಾರೆ. ಆಟಗಾರರಿಗೆ ಆ ಪುಟಗಳನ್ನು ತೆರೆಯುವ ಹಕ್ಕಿಲ್ಲ. ಮುಂದಿನ ಪುಟಗಳೂ ಹಿಂದಿನ ಪುಟಗಳೂ ನಡುವಿನಲ್ಲಿ ಸಂಧಿಸಿದ ದಿನ ಆಟ ಮುಗಿಯುತ್ತದೆ.

ದಾಳದ ಬದಲು ನಾಲ್ಕು ಕವಡೆ. ಚೌಕಾಬಾರಾ ಆಡಿದವರಿಗೆ ಲೆಕ್ಕ ಹೇಳಬೇಕಿಲ್ಲ: ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಪಕ್ಷಪಾತ ಮಾಡದಿದ್ದರೆ ಹದಿನಾರು ಸಾಧ್ಯತೆಗಳಲ್ಲಿ ಆರು ಎರಡಕ್ಕೆ ಸೇರಿದವು, ಎಂಟಕ್ಕೆ ಒಂದೇ ಒಂದು. ಕವಡೆ ಪಕ್ಷಪಾತ ಮಾಡುತ್ತದೆ, ಆ ಮಾತು ಬೇರೆ. ನಮ್ಮಜ್ಜಿಯ ಡಬ್ಬಿಯಲ್ಲಿದ್ದ ಒಂದು ಕವಡೆಯ ಬೆನ್ನು ಸವೆದು ಅದು ಯಾವಾಗಲೂ ಅಂಗಾತವೇ ಬೀಳುತ್ತಿತ್ತು, ಅದನ್ನು ತೆಗೆದಿಟ್ಟಿದ್ದೇನೆ. ಎಂಟು ಬಿದ್ದರೆ ನಾನು ಪುಸ್ತಕವನ್ನು ತಿರುವಿ ಹಿಡಿಯುತ್ತೇನೆ. ಹಿಂಬದಿಯ ಒಂದು ಸಾಲು ಮನೆ ಬಾಗಿಲಿಗೆ ಬಂತು ಅಂತ ಅರ್ಥ. ಪ್ಲಾಸ್ಟಿಕ್ ದಾಳ ಎಷ್ಟೇ ಉರುಳಿದರೂ ಆ ಮೇಜಿನ ಮೇಲೆ ಅಂಥ ಮೌನ ಹುಟ್ಟುವುದಿಲ್ಲ.

ಹಿಂಬದಿಯ ಪುಟಗಳ ಉಪಾಯ ನನಗೆ ಹೊಳೆದದ್ದು ಸಿಮಾ ಚಿಯೆನ್‌ನನ್ನು ಓದುವಾಗ. ಎರಡು ಸಾವಿರ ವರ್ಷಗಳ ಹಿಂದೆ ಚೀನದ ಇತಿಹಾಸ ಬರೆದವನು, ಅದರ 130 ಅಧ್ಯಾಯಗಳಲ್ಲಿ 124ನೆಯದನ್ನು ಈ ಅಲೆಮಾರಿ ವೀರರಿಗೆಂದೇ ಮೀಸಲಿಟ್ಟವನು. ಸೋತು ಸೆರೆಯಾದ ಸೇನಾಪತಿಯೊಬ್ಬನ ಪರ ಅರಮನೆಯಲ್ಲಿ ಮಾತಾಡಿದ್ದಕ್ಕೆ ಅವನ ಪುರುಷತ್ವವನ್ನೇ ಕತ್ತರಿಸಿದರು. ದಂಡ ಕಟ್ಟಿ ಬಿಡಿಸಿಕೊಳ್ಳಬಹುದಿತ್ತು; ಕೈಯಲ್ಲಿ ಅಷ್ಟು ಹಣವಿಲ್ಲ, ಗೆಳೆಯರು ಯಾರೂ ಬರಲಿಲ್ಲ. ಹೊತ್ತಿಗೆ ಬಂದು ನಿಲ್ಲುವ ಮನುಷ್ಯನ ಬಗ್ಗೆ ಅವನಿಗೆ ಅಷ್ಟು ಗೌರವ ಯಾಕೆ ಎಂದು ಕೇಳಬೇಕೆ?

ಆ ಅಧ್ಯಾಯದಲ್ಲಿ ಗುವೊ ಜಿಯೆ ಎಂಬವನಿದ್ದಾನೆ. ಗಿಡ್ಡ ಆಳು, ಹೆಂಡ ಮುಟ್ಟದವನು, ಹರೆಯದಲ್ಲಿ ಕೈಗೆ ರಕ್ತ ಮಾಡಿಕೊಂಡವನು. ಅವನ ಅಕ್ಕನ ಮಗ, ಮಾವನ ಹೆಸರಿನ ಸೊಕ್ಕಿನಲ್ಲಿ ಒಬ್ಬನಿಗೆ ಬಲವಂತವಾಗಿ ಕುಡಿಸಲು ಹೋಗಿ ಅವನ ಕೈಯಲ್ಲೇ ಸತ್ತ. ಅಕ್ಕ ಹೆಣವನ್ನು ಹೂಳದೆ ಬೀದಿಯಲ್ಲಿ ಇಟ್ಟಳು, ತಮ್ಮನಿಗೆ ನಾಚಿಕೆಯಾಗಲಿ ಎಂದು. ಕೊಂದವನು ತಾನಾಗಿ ಬಂದು ನಡೆದದ್ದನ್ನು ನಡೆದಂತೆ ಹೇಳಿದ. ಗುವೊ ಜಿಯೆ ಕೇಳಿ, ತಪ್ಪು ನಮ್ಮ ಹುಡುಗನದೇ ಎಂದು ಅವನನ್ನು ಬಿಟ್ಟು ಕಳಿಸಿ, ಅಳಿಯನನ್ನು ತಾನೇ ಮಣ್ಣು ಮಾಡಿದ. ಇನ್ನೊಬ್ಬ ಇವನು ಹಾದುಹೋಗುವಾಗ ಕಾಲು ಚಾಚಿ ಕೂತು ಉಡಾಫೆಯಿಂದ ನೋಡಿದ. ಹಿಂಬಾಲಕರು ಅವನನ್ನು ಮುಗಿಸುತ್ತೇವೆ ಎಂದರು. ಗುವೊ ಜಿಯೆ ಬೇಡವೆಂದು ತಡೆದು, ಗುಟ್ಟಾಗಿ ಅಧಿಕಾರಿಗೆ ಹೇಳಿ ಅವನ ಹೆಸರನ್ನು ಬಿಟ್ಟಿ ಚಾಕರಿಯ ಪಾಳಿಯಿಂದ ತಪ್ಪಿಸಿದ. ಪ್ರತಿ ಸಲವೂ ತನ್ನ ಪಾಳಿ ಯಾಕೆ ತಪ್ಪುತ್ತಿದೆ ಎಂದು ಆ ಮನುಷ್ಯ ವಿಚಾರಿಸಿದಾಗ ವಿಷಯ ತಿಳಿಯಿತು. ಮೈಮೇಲಿನ ಅಂಗಿ ಕಳಚಿ ಬಂದು ಕ್ಷಮೆ ಕೇಳಿದ. ಈ ಗುವೊ ಜಿಯೆಗೆ ಎಷ್ಟು ಪಾಯಿಂಟ್ ಕೊಡೋಣ, ಹೇಳಪ್ಪ?

ಇನ್ನು ಬೆಂಗಳೂರಿನ ನನ್ನ ಗೆಳೆಯ. ಅವನೂ ಇದೇ ಆಟ ನಡೆಸುತ್ತಾನೆ, ನನಗಿಂತ ಹೆಚ್ಚು ಓದಿದ್ದಾನೆ, ಒಳ್ಳೆಯ ಮನುಷ್ಯ. ಸುಂಗ್ ರಾಜರ ಕಾಲದ ನಾಣ್ಯ, ದೂರದ ಅಳತೆ, ಯಾವ ಪ್ರಾಂತದಲ್ಲಿ ಯಾವ ಚಹಾ ಎಲ್ಲದಕ್ಕೂ ಅವನಲ್ಲಿ ಕೋಷ್ಟಕ ಉಂಟು. ಒಮ್ಮೆ ನಮ್ಮ ಮೇಜಿಗೆ ಬಂದಾಗ ನನ್ನ ಛತ್ರದ ಯಜಮಾನ “ಏನ್ ತಗೋತೀರಿ ಯಜಮಾನ್ರ, ಬರ್ರಿ ಕೂಡ್ರಿ” ಎಂದದ್ದನ್ನು ಕೇಳಿ ಮುಖ ಹುಳ್ಳಗೆ ಮಾಡಿ, “ಇದು ಚೀನಾ ಅನ್ನಿಸೋದೇ ಇಲ್ಲ ಮಾರಾಯ” ಅಂದ. ಅವನು ಆಟ ನಡೆಸುವುದು ಇಂಗ್ಲಿಷಿನಲ್ಲಿ. ಅವನ ಸುಂಗ್ ಕಾಲದ ಅಂಬಿಗ “ಓಕೆ ಗಯ್ಸ್” ಎಂದು ಹುಟ್ಟು ಹಾಕುತ್ತಾನೆ. ಅದು ಚೀನಾ, ನನ್ನದು ಅಲ್ಲ!

ಛತ್ರ ಕಟ್ಟುವುದನ್ನು ಕಲಿಯಬೇಕೆಂದರೆ ಕಿಂಗ್ ಹೂನ 1967ರ ‘ಡ್ರ್ಯಾಗನ್ ಇನ್’ ನೋಡಬೇಕು. ಸಿನಿಮಾದ ಬಹುಭಾಗ ಗಡಿಯ ಒಂದು ಛತ್ರದಲ್ಲಿ ನಡೆಯುತ್ತದೆ. ಯಾರು ಯಾವ ಮೇಜಿಗೆ ಕೂತರು, ಬಾಗಿಲಿಗೆ ಯಾರ ಬೆನ್ನು, ಅದರಲ್ಲೇ ಅರ್ಧ ಕಾಳಗ ಮುಗಿದಿರುತ್ತದೆ. ಅದನ್ನು ನೋಡಿದ ಮರುದಿನ ಮಧ್ಯಾಹ್ನ ಒಂದೂವರೆಗೆ ನಮ್ಮೂರಿನ ಯಾವುದಾದರೂ ಖಾನಾವಳಿಗೆ ಹೋಗಿ ಕೂಡಬೇಕು. ರೊಟ್ಟಿ ಬಡಿಯುವ ಸದ್ದು ಒಳಗಿಂದ ಒಂದೇ ಸಮ ಬರುತ್ತಿರುತ್ತದೆ. ಗಲ್ಲೆಯ ಮೇಲಿನವನು ತಲೆ ಎತ್ತದೆಯೇ ಯಾರು ಬಂದರು, ಯಾರು ಹೋದರು, ಯಾರ ಉದ್ರಿ ಎಷ್ಟಾಯಿತು ಎಲ್ಲ ಬಲ್ಲ. ಜಗಳವಾಡಿಕೊಂಡ ಇಬ್ಬರು ಪಾಲುದಾರರು ಒಂದೇ ಹೊತ್ತಿಗೆ ಬಂದರೆ ಅವರನ್ನು ಎಲ್ಲಿ ಕೂಡಿಸಬೇಕು ಎಂಬ ರಾಜತಂತ್ರ ಅವನಿಗೆ ಯಾವ ಕೋಷ್ಟಕವೂ ಕಲಿಸಿದ್ದಲ್ಲ. ಹಾಗೆಯೇ ಚೀನದ ಕಥೆಗಳಲ್ಲಿ ಸರಕಿಗೆ ಕಾವಲು ಹೋಗುವ ಸಂಸ್ಥೆಗಳು ಬರುತ್ತವೆ. ಜಿನ್ ಯೊಂಗ್‌ನ ‘ಸ್ಮೈಲಿಂಗ್, ಪ್ರೌಡ್ ವಾಂಡರರ್’ ಶುರುವಾಗುವುದೇ ಅಂಥ ಒಂದು ಮನೆತನದ ಸರ್ವನಾಶದಿಂದ. ಹುಬ್ಬಳ್ಳಿಯಂಥ ಲಾರಿಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅದಕ್ಕೂ ಮೊದಲು ಐಹೊಳೆಯ ಅಯ್ಯಾವೊಳೆ ಐನೂರ್ವರು ಇದ್ದರು. ವ್ಯಾಪಾರಿಗಳ ಸಂಘ, ಆದರೆ ಸರಕಿನ ಜೊತೆ ಆಯುಧ ಹಿಡಿದ ಆಳುಗಳೂ ನಡೆಯುತ್ತಿದ್ದರು.

ಇಷ್ಟಕ್ಕೂ ಗುವೊ ಜಿಯೆಯ ತಮ್ಮನಂಥವನೊಬ್ಬ ನಮಗೆ ನೂರು ಕಿಲೋಮೀಟರ್ ಆಸುಪಾಸಿನಲ್ಲೇ ಬಂಡೆಯ ಮೇಲೆ ಕೂತಿದ್ದಾನೆ. ಬಾದಾಮಿಯ ಕಪ್ಪೆ ಅರಭಟ್ಟ. ಕ್ರಿ.ಶ. 700ರ ಸುಮಾರಿನ ಶಾಸನ. ಕನ್ನಡದಲ್ಲಿ ಸಿಕ್ಕ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅವನು ಯಾವ ರಾಜನ ಆಳು, ಯಾವ ಯುದ್ಧ ಗೆದ್ದ ಎಂಬ ಒಂದು ಮಾತೂ ಅದರಲ್ಲಿಲ್ಲ. ಸೌಮ್ಯರ ಜೊತೆ ಸೌಮ್ಯ, ಕಾಡುವವರ ಪಾಲಿಗೆ ಕಾಲಯಮ, ಅಷ್ಟೇ ಅವನ ವಿಳಾಸ. ನಾನು ಹೊಸಬರಿಗೆ ಪಾತ್ರ ಕಟ್ಟಲು ಹೇಳುವಾಗ ಇದನ್ನೇ ಮಾದರಿ ಕೊಡುತ್ತೇನೆ: ಯಾರಿಗೆ ಮೆತ್ತಗೆ, ಯಾರಿಗೆ ಬಿರುಸು, ಎರಡೇ ಸಾಲು ಬರೆದುಕೊಂಡು ಬಾ, ಉಳಿದದ್ದು ಆಮೇಲೆ. ಹುಡುಗರು ನಾಲ್ಕು ಪುಟ ವಂಶಾವಳಿ ಬರೆದುಕೊಂಡು ಬರುತ್ತಾರೆ.

ಮತ್ತೆ ವೀರಗಲ್ಲುಗಳು. ಈ ವಿಷಯಕ್ಕೆ ಬಂದರೆ ಮೇಜಿನವರು ಚಾ ತರಿಸಲು ಏಳುತ್ತಾರೆ, ಗೊತ್ತಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂತು. ಉಂಡ ಜೋಳದ ಋಣಕ್ಕೆ ಪ್ರಾಣ ಕೊಡುವ ಜೋಳವಾಳಿ, ಒಡೆಯನ ಜೊತೆಗೇ ಸಾಯುತ್ತೇನೆಂದು ಮಾತು ಕೊಡುವ ವೇಳೆವಾಳಿ, ಎಲ್ಲ ಅದರಲ್ಲಿವೆ. ಹೊಯ್ಸಳರ ಎರಡನೇ ವೀರಬಲ್ಲಾಳನ ಗರುಡನಾಗಿದ್ದ, ಅಂದರೆ ಒಡೆಯನಿಗಾಗಿ ಪ್ರಾಣದ ಪಣ ತೊಟ್ಟಿದ್ದ, ಕುವರ ಲಕ್ಷ್ಮ ಹೆಂಡತಿ, ಸಂಗಡಿಗರೊಂದಿಗೆ ಹೀಗೆ ಜೀವ ಕೊಟ್ಟದ್ದನ್ನು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬ ಹೇಳುತ್ತದೆ. ಎಸ್. ಶೆಟ್ಟರ್ ಮತ್ತು ಸೋಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಸಂಪುಟ 1982ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದಲೇ ಹೊರಬಂತು. ಅಲ್ಲಿನ ಕನ್ನಡ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯಕ್ಕೆ ಹೋದರೆ ಕಲ್ಲುಗಳನ್ನೇ ಕಣ್ಣಾರೆ ನೋಡಬಹುದು. ಚೀನದ ಆಟಕ್ಕೆ ಇದೆಲ್ಲ ಯಾಕೆ ಅನ್ನುವವರು ಒಂದು ಸಂಗತಿ ಗಮನಿಸಬೇಕು: ದನ ಬಿಡಿಸಲು ಹೋಗಿ ಸತ್ತವನ ಮನೆಯವರಿಗೆ ಊರು ಭೂಮಿ ಬಿಟ್ಟುಕೊಡುತ್ತಿತ್ತು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕಲ್ಲಿನ ಮೇಲೆ ಅದನ್ನೂ ಕೊರೆಯುತ್ತಿದ್ದರು. ಸತ್ತವನು ಯಾರು, ಯಾರಿಗಾಗಿ ಸತ್ತ, ಅದಕ್ಕೆ ಬದಲಾಗಿ ಊರು ಏನು ಕೊಟ್ಟಿತು. ನನ್ನ ಕೆಂಪು ಪುಸ್ತಕದಲ್ಲಿರುವುದೂ ಅದೇ ಲೆಕ್ಕ.

ಅದಕ್ಕೇ ಹೊಟ್ಟೆ ಉರಿಯುತ್ತದೆ. ಈ ಸುತ್ತಿನ ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿಯ ಕಟ್ಟೆಗೆ ಒರಗಿಸಿದ್ದ ಒಂದು ಕಲ್ಲನ್ನು ನೋಡಲು ಹೋಗಿದ್ದೆ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಎಳೆದು ನಿಂತ ಆಳು, ಹಿಂದೆ ಸಾಲಾಗಿ ದನಗಳು. ನಡುವಿನಲ್ಲಿ ಅಪ್ಸರೆಯರು ಅವನನ್ನು ಹೊತ್ತೊಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು, ನೆತ್ತಿಯಲ್ಲಿ ಸೂರ್ಯ ಚಂದ್ರ. ಪಟ್ಟಿಗಳ ನಡುವೆ ಎರಡು ಸಾಲು ಅಕ್ಷರ ಇರಬೇಕಾದಲ್ಲಿ ಬೆಳ್ಳಿಯ ಬಣ್ಣದ ಆಯಿಲ್ ಪೇಂಟ್. ಬರೀ ಒಂದು ಕೈಯಲ್ಲ, ಪ್ರತಿ ಜಾತ್ರೆಗೆ ಒಂದು ಕೈ. ಅಕ್ಷರದ ಗೆರೆಗಳು ತುಂಬಿ ಸಪಾಟಾಗಿ ಹೋಗಿದ್ದವು. ಹೋಗಲಿ, ಭಕ್ತಿಯಿಂದ ಬಳಿದರು. ಪಕ್ಕದ ಕಲ್ಲು? ಜೀರ್ಣೋದ್ಧಾರದಲ್ಲಿ ಗೋಡೆಗೆ ಟೈಲ್ಸ್ ಕೂಡಿಸುವಾಗ ಅಡ್ಡ ಬಂತೆಂದು ಹಳ್ಳದ ದಂಡೆಗೆ ಸಾಗಿಸಿದ್ದರು. ಅದರ ಮೇಲೆ ಅರಿವೆ ಒಗೆಯುತ್ತಿದ್ದರು. ಒಗೆಯುವ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಕಲ್ಲು ಬೇಕು. ಗೋಡೆಗೆ ದೇಣಿಗೆದಾರರ ಹೆಸರು ಮೊತ್ತ ಸಮೇತ ಗ್ರಾನೈಟಿನಲ್ಲಿ ಕೆತ್ತಿಸುವವರಿಗೆ, ಊರಿನ ದನಕ್ಕಾಗಿ ಸತ್ತವನ ಹೆಸರು ಅಡ್ಡ ಬಂದದ್ದು ಹೇಗೆ? ಕೇಳಿದ್ದಕ್ಕೆ ಹಿರಿಯರೊಬ್ಬರು, “ಅದು ಓದಾಕ ಬರಾಂಗಿಲ್ರಿ, ಹಳೀದು” ಎಂದರು. ಓದಲು ಬರುವುದಿಲ್ಲವೆಂದು ಸಾಲದ ಪತ್ರ ಹರಿಯುವ ಹಾಗಿದ್ದರೆ ನಮ್ಮ ಪೇಟೆ ಒಂದು ದಿನ ನಡೆಯುತ್ತಿರಲಿಲ್ಲ.

ಸಿಟ್ಟು ಇಳಿಯಲು ನಾನು ಆತಕೂರಿನ ನಾಯಿಯನ್ನು ನೆನೆಯುತ್ತೇನೆ. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಬಿದ್ದ ಕಾಲ, ಕ್ರಿ.ಶ. 949ರ ಆಸುಪಾಸು. ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿ ರಾಷ್ಟ್ರಕೂಟ ಚಕ್ರವರ್ತಿ ಕೃಷ್ಣ ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಆನೆ ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ಎಂದೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಮುಂದಿನ ಆಟಕ್ಕೆ ಅದನ್ನೇ ಎತ್ತಿಕೊಂಡಿದ್ದೇನೆ. ಊರು ಚೀನದ್ದೇ, ನದಿ ದಂಡೆಯದು. ಭೂಮಿಯನ್ನು ಉಣ್ಣುತ್ತ ಬಂದ ಮನೆತನ ಮೂರು ತಲೆಮಾರಿನಿಂದ ನಾಯಿಗೆ ಪೂಜೆ ತಪ್ಪಿಸಿದೆ. ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಸುಂಗ್ ಕಾಲದಲ್ಲಿ ನಾಯಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇತ್ತೋ ಇಲ್ಲವೋ ನೋಡಿ ಹೇಳುತ್ತೇನೆ ಎಂದ. ಬ್ಯಾಂಕಿನ ಮೀಸೆಯವರು ಮಾತ್ರ ಕೆಲಸದ ಪ್ರಶ್ನೆ ಕೇಳಿದರು: “ನಾಯಿಗೆ ವಾರಸುದಾರ್ರು ಯಾರ್ರಿ? ಬಾಕಿ ಯಾರ ಹೆಸರಿಗೆ ಬರೀತೀರಿ?” ಅದನ್ನಿನ್ನೂ ತೀರ್ಮಾನಿಸಿಲ್ಲ. ಹಂದಿಯ ಕಡೆಯವರೂ ಬಂದು ಕೇಳಬಹುದು.