ಆರನೆಯ ಸೋಲು ಬರಲೇ ಇಲ್ಲ

1984ರ ಅಕ್ಟೋಬರ್. ಮಾಸ್ಕೋದ ಹೌಸ್ ಆಫ್ ಯೂನಿಯನ್ಸ್‌ನ ಕಂಬಗಳ ಸಭಾಂಗಣ. ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಒಂಬತ್ತನೇ ಗೇಮ್, 46ನೇ ನಡೆ. ಬೋರ್ಡಿನ ಮೇಲೆ ಕಾಯಿಗಳೇ ಕಡಿಮೆ. ಬಿಳಿಯ ಕಡೆ ಅನತೊಲಿ ಕಾರ್ಪೋವ್‌ನ ಒಂದು ಕುದುರೆ, ಕಪ್ಪಿನ ಕಡೆ ಗ್ಯಾರಿ ಕಾಸ್ಪರೋವ್‌ನ ಒಂದು ಬಿಷಪ್, ಉಳಿದಂತೆ ರಾಜರು ಮತ್ತು ಪಾನ್‌ಗಳು. ಕಾಸ್ಪರೋವ್ ಒಂದು ಪಾನ್ ಹೊಡೆದ. ಕಾರ್ಪೋವ್ ಅದನ್ನು ತಿರುಗಿ ಹೊಡೆಯುತ್ತಾನೆ, ಬಿಳಿ ರಾಜನ ದಾರಿ ಮುಚ್ಚಿಹೋಗುತ್ತದೆ, ಗೇಮ್ ಡ್ರಾ ಆಗುತ್ತದೆ ಎಂಬುದು ಅವನ ಲೆಕ್ಕ. ಕಾರ್ಪೋವ್ ಹೊಡೆಯಲಿಲ್ಲ. ಕುದುರೆಯನ್ನು ಹಿಂದಕ್ಕೆ, ಜಿ2 ಮನೆಗೆ ಎಳೆದ. ಪಾನ್ ಹೋದರೆ ಹೋಗಲಿ, ದಾರಿ ತೆರೆದರೆ ಸಾಕು! ಮೂರೇ ನಡೆಗಳಲ್ಲಿ ಆ ಕುದುರೆ ಮುಂದೆ ಹಾರಿ ಎಚ್5ರ ಪಾನ್ ನುಂಗಿತು. ಆ ಕುದುರೆಯನ್ನು ತಡೆಯಲು ಕಪ್ಪು ಬಿಷಪ್‌ಗೆ ಆಗಲೇ ಇಲ್ಲ. 70ನೇ ನಡೆಗೆ ಕಾಸ್ಪರೋವ್ ಸೋಲೊಪ್ಪಿದ.

ನಾಲ್ಕು–ಸೊನ್ನೆ.

ಸವಾಲು ಹಾಕಲು ಬಂದವನು ಬಾಕು ನಗರದ 21ರ ಹುಡುಗ. ಬೆಲ್ಯಾವ್‌ಸ್ಕಿ, ಕೊರ್ಚ್‌ನೋಯ್, ಸ್ಮಿಸ್ಲೋವ್ ಮೂವರನ್ನೂ ಕೆಡವಿ ಬಂದಿದ್ದ. ಎದುರಿಗೆ ಕೂತವನು 1975ರಿಂದ ಕಿರೀಟ ಬಿಟ್ಟುಕೊಡದ ಚಾಂಪಿಯನ್. ಬೆಂಕಿಯಂತೆ ನುಗ್ಗುವುದು ಹುಡುಗನ ಆಟ, ಆ ನುಗ್ಗಾಟವನ್ನೇ ಕಾದು ಕೂತು ಒಂದು ಸಣ್ಣ ಬಿರುಕಿನಲ್ಲಿ ಕೈಹಾಕುವುದು ಕಾರ್ಪೋವ್‌ನ ಆಟ. ಮೂರನೇ ಗೇಮ್ ಹೋಯಿತು. ಆರನೆಯದರಲ್ಲಿ ಕೈಯಲ್ಲಿದ್ದ ಮೇಲುಗೈಯನ್ನೇ ಚೆಲ್ಲಿಕೊಂಡು ಹುಡುಗ ಸೋತ. ಏಳನೆಯದೂ ಹೋಯಿತು. ಈಗ ಒಂಬತ್ತನೆಯದು. ಮೊದಲು ಆರು ಗೇಮ್ ಗೆದ್ದವನೇ ಚಾಂಪಿಯನ್, ಡ್ರಾಗಳಿಗೆ ಬೆಲೆಯಿಲ್ಲ, ಗೇಮ್‌ಗಳಿಗೆ ಮಿತಿಯೂ ಇಲ್ಲ. ಇನ್ನೆರಡು ಸೋಲು ಬಂದರೆ ಎಲ್ಲವೂ ಮುಗಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ? ಹೋದದ್ದನ್ನೆಲ್ಲ ಒಂದೇ ಏಟಿಗೆ ವಾಪಸ್ ಪಡೆಯಲು ಹೊರಡುತ್ತಾನೆ. ಕಾಸ್ಪರೋವ್ ಮೊದಲ ಒಂಬತ್ತು ಗೇಮ್‌ಗಳಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಹತ್ತನೆಯ ಗೇಮ್‌ಗೆ ಬಂದು ಕೂತವನು ಬೇರೆಯೇ ಆಟಗಾರ. ಗೆಲ್ಲುವ ಮಾತೇ ಬೇಡ, ಇವತ್ತು ಸೋಲಬಾರದು, ಅಷ್ಟೇ. ನಾಳೆಯೂ ಸೋಲಬಾರದು. ತನ್ನ ರಕ್ತದಲ್ಲಿದ್ದ ದಾಳಿಯನ್ನು ಅವನು ಕಟ್ಟಿಹಾಕಿದ. ಈ ಇಡೀ ಕತೆಯಲ್ಲಿ ಅತಿ ದೊಡ್ಡ ಪರಾಕ್ರಮ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಮುಂದೆ ಬಂದ ಗೆಲುವುಗಳು ಆಮೇಲಿನ ಮಾತು.

ಅವನ ಕತ್ತಿಗೆ ಬಿದ್ದಿದ್ದ ನಿಯಮವೇ ಅವನ ಉಸಿರೂ ಆಯಿತು. ಗೇಮ್‌ಗಳಿಗೆ ಮಿತಿಯಿದ್ದಿದ್ದರೆ ಪ್ರತಿ ಡ್ರಾ ಅವನನ್ನು ಸೋಲಿನ ಹತ್ತಿರ ತಳ್ಳುತ್ತಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ಒಂದು ಡ್ರಾ ಎಂದರೆ ಇನ್ನೊಂದು ದಿನದ ಬದುಕು. ಹತ್ತನೇ ಗೇಮ್ ಡ್ರಾ. ಹನ್ನೊಂದು ಡ್ರಾ. ಹನ್ನೆರಡು ಡ್ರಾ. ಅಕ್ಟೋಬರ್ ಮುಗಿಯಿತು, ನವೆಂಬರ್ ಬಂತು, 26ನೆಯದೂ ಡ್ರಾ. ಸಾಲಾಗಿ 17! ಆ ಒಂದೊಂದು ಡ್ರಾದಲ್ಲೂ ಹುಡುಗ ಜಗತ್ತಿನ ಅತಿ ಕಠಿಣ ಪಾಠಶಾಲೆಯಲ್ಲಿ ಕೂತಿದ್ದ. ಕಾರ್ಪೋವ್ ಹೇಗೆ ಯೋಚಿಸುತ್ತಾನೆ, ಎಲ್ಲಿ ತಡೆಯುತ್ತಾನೆ, ಯಾವಾಗ ದಣಿಯುತ್ತಾನೆ ಎಂಬುದನ್ನೆಲ್ಲ ಕಾರ್ಪೋವ್‌ನ ಎದುರಿಗೇ ಕೂತು ಕಲಿಯುತ್ತಿದ್ದ.

ನವೆಂಬರ್ ಕೊನೆಗೆ 27ನೇ ಗೇಮ್ ಸೋತ. ಐದು–ಸೊನ್ನೆ.

ಇನ್ನು ಒಂದೇ ಒಂದು. ಇಲ್ಲಿಂದ ಮುಂದೆ ಒಂದು ನಡೆ ತಪ್ಪಿದರೂ ಪ್ರಪಾತ. 31ನೇ ಗೇಮ್‌ನಲ್ಲಿ ಕಾರ್ಪೋವ್‌ಗೆ ಒಂದು ಪಾನ್ ಹೆಚ್ಚಿತ್ತು, ಕಿರೀಟ ಮೇಜಿನ ಮೇಲೇ ಇತ್ತು. ಹುಡುಗ ಹಲ್ಲು ಕಚ್ಚಿ ಹಿಡಿದು ನಿಂತ. ಡ್ರಾ. ಮರು ಗೇಮ್‌ನಲ್ಲೇ, ಡಿಸೆಂಬರ್‌ನ ಆ ದಿನ, ಬಿಳಿ ಕಾಯಿಗಳಲ್ಲಿ ಆಡಿದ ಕಾಸ್ಪರೋವ್ ಗೆದ್ದುಬಿಟ್ಟ. ಕಾರ್ಪೋವ್ ವಿರುದ್ಧ ಅವನ ಬದುಕಿನ ಮೊದಲ ಗೆಲುವು. ಅದಕ್ಕಾಗಿ ಈ ಪಂದ್ಯದಲ್ಲೇ 31 ಗೇಮ್ ಕಾದಿದ್ದ!

ಕಾರ್ಪೋವ್ ಯಾಕೆ ನುಗ್ಗಿ ಮುಗಿಸಲಿಲ್ಲ? 1978ರಲ್ಲಿ ಫಿಲಿಪ್ಪೀನ್ಸ್‌ನ ಬಾಗಿಯೋದಲ್ಲಿ ಇದೇ ಆರು ಗೆಲುವಿನ ನಿಯಮದಡಿ ಅವನು ಕೊರ್ಚ್‌ನೋಯ್ ವಿರುದ್ಧ 5–2ರಿಂದ ಮುಂದಿದ್ದ. ಕೊರ್ಚ್‌ನೋಯ್ ನಾಲ್ಕು ಗೇಮ್‌ಗಳಲ್ಲಿ ಮೂರನ್ನು ಗೆದ್ದು 5–5 ಮಾಡಿದ. 32ನೇ ಗೇಮ್ ಗೆದ್ದು ಕಾರ್ಪೋವ್ ಹೇಗೋ ಪಾರಾಗಿದ್ದ. ಆ ಅಂಚಿನಲ್ಲಿ ಒಮ್ಮೆ ನಿಂತು ಕೆಳಗೆ ನೋಡಿದವನು ಮತ್ತೆ ಅಪಾಯಕ್ಕೆ ಕೈಹಾಕಲು ಹಿಂಜರಿದಿದ್ದರೆ ಅಚ್ಚರಿಯಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಕಾಯುವುದು ಅವನ ಶಕ್ತಿಯಾಗಿತ್ತು, ಈಗ ಅದೇ ಅವನನ್ನು ತಿನ್ನತೊಡಗಿತು. ಮೊದಲೇ ಸಣಕಲು ದೇಹ, ತಿಂಗಳು ಕಳೆದಂತೆ ಮುಖ ಇಳಿಯುತ್ತ ಹೋಯಿತು.

ಆದರೂ ಅವಕಾಶ ಮತ್ತೊಮ್ಮೆ ಬಾಗಿಲು ತಟ್ಟಿತು. 41ನೇ ಗೇಮ್, 33ನೇ ನಡೆ. ಎ ಸಾಲಿನ ಪಾನನ್ನು ಒಂದು ಮನೆ ಮುಂದೆ ತಳ್ಳಿದ್ದರೆ ಸಾಕಿತ್ತು, ಆರನೆಯ ಗೆಲುವು ಸಿಗುತ್ತಿತ್ತು. ಒಂದೇ ಒಂದು ಮನೆ! ಕಾರ್ಪೋವ್ ಅದನ್ನು ಕಾಣಲಿಲ್ಲ, ಆನೆ ನಡೆಸಿದ. ಹುಡುಗ ಮತ್ತೆ ಬದುಕಿದ. ಅದೃಷ್ಟ ಎನ್ನಬಹುದು. ಆದರೆ ನಾಲ್ಕು ತಿಂಗಳು ಸೋಲೊಪ್ಪದೆ ಎದುರಿಗೆ ಕೂತವನಿಗೆ ಮಾತ್ರ ಸಿಗುವ ಅದೃಷ್ಟ ಅದು.

1985ರ ಜನವರಿ ಕೊನೆ. 47ನೇ ಗೇಮ್‌ನಲ್ಲಿ ಕಾಸ್ಪರೋವ್ ಕಪ್ಪು ಕಾಯಿಗಳಲ್ಲೇ ಗೆದ್ದ. ಐದು–ಎರಡು. ಫೆಬ್ರುವರಿಯಲ್ಲಿ 48ನೆಯದನ್ನೂ ಗೆದ್ದ. ಐದು–ಮೂರು. ಬೇಟೆಗಾರ ಯಾರು, ಬೇಟೆ ಯಾವುದು ಎಂಬುದೇ ಅದಲುಬದಲಾಗಿತ್ತು.

ಆಗ ಬಂತು ಆ ಆದೇಶ. ಫೆಬ್ರುವರಿ 15ರಂದು ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷ ಫ್ಲೊರೆನ್ಸಿಯೊ ಕಾಂಪೊಮಾನೆಸ್ ಪತ್ರಿಕಾಗೋಷ್ಠಿ ಕರೆದು, ಆಟಗಾರರು ದಣಿದಿದ್ದಾರೆಂಬ ಕಾರಣ ಕೊಟ್ಟು, ಫಲಿತಾಂಶವಿಲ್ಲದೆ ಪಂದ್ಯ ನಿಲ್ಲಿಸಿದರು. ಐದು ತಿಂಗಳು, 48 ಗೇಮ್, 40 ಡ್ರಾ. ಕಾಸ್ಪರೋವ್ ಅಲ್ಲೇ, ಎಲ್ಲರೆದುರೇ ಪ್ರತಿಭಟಿಸಿದ. ಅವನ ಸಿಟ್ಟು ನ್ಯಾಯವಾದದ್ದು. ಅಷ್ಟು ದೂರ ಈಜಿ ದಡ ಕಾಣುವಾಗ ನೀರಿನಿಂದ ಎತ್ತಿ ಹಾಕಿದರೆ ಯಾರು ಸುಮ್ಮನಿರುತ್ತಾರೆ?

ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಹೊಸ ಪಂದ್ಯ, ಈ ಸಲ 24 ಗೇಮ್‌ಗಳ ಮಿತಿ. ಕೊನೆಯ ಗೇಮ್‌ಗೆ ಬರುವಾಗ ಕಾಸ್ಪರೋವ್ 12–11ರಿಂದ ಮುಂದಿದ್ದ. ಕಿರೀಟ ಉಳಿಸಿಕೊಳ್ಳಬೇಕಾದರೆ ಕಾರ್ಪೋವ್ ಗೆಲ್ಲಲೇಬೇಕಿತ್ತು, ಆದ್ದರಿಂದ ಈಗ ನುಗ್ಗುವ ಸರದಿ ಅವನದು. ಕಪ್ಪು ಕಾಯಿಗಳ ಹಿಂದೆ ಕಾಸ್ಪರೋವ್ ತಾಳ್ಮೆಯಿಂದ ಏಟು ತಡೆದ, ಗಳಿಗೆ ನೋಡಿ ತಿರುಗಿಬಿದ್ದ, ಗೇಮನ್ನೇ ಗೆದ್ದ. 13–11. 1985ರ ನವೆಂಬರ್ 9ರಂದು, 22ನೇ ವಯಸ್ಸಿಗೆ, ಅಲ್ಲಿಯವರೆಗಿನ ಅತಿ ಕಿರಿಯ ವಿಶ್ವ ಚಾಂಪಿಯನ್ ಆದ.